ನುಂಗಿದವರು ಯಾರು, ಮೊದಲು ಅದನ್ನು ಹೇಳಿ

ನಮಸ್ಕಾರ.

ನಿಮ್ಮ 'ದೊಡ್ಡ ಮೀನು, ಸಣ್ಣ ಮೀನು' ಲೇಖನ ಓದಿದೆ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿದ್ದ, ರೈತ-ಕಾರ್ಮಿಕರ ಫಾರ್ಮರ್-ಲೇಬರ್ ಪಕ್ಷವನ್ನೂ ನಾರ್ತ್ ಡಕೋಟದ ರೈತ ಸಂಘಟನೆಯಾದ ನಾನ್‌ಪಾರ್ಟಿಸನ್ ಲೀಗನ್ನೂ ಡೆಮಾಕ್ರಟಿಕ್ ಪಕ್ಷ ನುಂಗಿಹಾಕಿತು ಎಂದು ಬರೆದಿದ್ದೀರಿ. ವಿಷಯ ಇಷ್ಟವಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತಲೆಬರಹದಲ್ಲೇ ತೊಂದರೆ ಇದೆ. ಮಿನೆಸೋಟದಲ್ಲಿ ದೊಡ್ಡ ಮೀನು ಯಾವುದು? ವಾಷಿಂಗ್ಟನ್‌ನಲ್ಲಿ ಕೂತು ನೋಡಿದರೆ ಡೆಮಾಕ್ರಟರು. ಆ ರಾಜ್ಯದೊಳಗೆ ಮಾತ್ರ ಅವರೇ ಮೂರನೇ ಸ್ಥಾನದವರು. ಫಾರ್ಮರ್-ಲೇಬರ್‌ನ ಫ್ಲಾಯ್ಡ್ ಓಲ್ಸನ್ 1930, 1932, 1934ರಲ್ಲಿ ಸಾಲಾಗಿ ಗೆದ್ದು ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ನಡೆಸುವವರು) ಆದರು. 1936ರಲ್ಲಂತೂ ಡೆಮಾಕ್ರಟರು ಗವರ್ನರ್ ಮತ್ತು ಸೆನೆಟ್ ಚುನಾವಣೆಗೆ ನಿಲ್ಲಿಸಿದ್ದ ತಮ್ಮ ಅಭ್ಯರ್ಥಿಗಳನ್ನೇ ಕಣದಿಂದ ಹಿಂದಕ್ಕೆ ಕರೆಸಿಕೊಂಡು ಇವರಿಗೆ ದಾರಿ ಬಿಟ್ಟರು. ಇದು ನಿಮ್ಮ ಲೇಖನದಲ್ಲೂ ಇದೆ, ನಾಲ್ಕನೇ ಪುಟದ ಒಂದು ಅರ್ಧ ಸಾಲಿನಲ್ಲಿ. ಮೊದಲ ಪುಟಕ್ಕೆ ಬರಬೇಕಾದ ಮಾತು ಅಲ್ವಾ ಅದು?

ಹಾಗಾದರೆ ಎರಡೂ ಪಕ್ಷ 1944ರಲ್ಲಿ ಒಂದಾಗಿದ್ದು ಯಾಕೆ? 'ಕಾಲದ ಒತ್ತಡ, ಸೈದ್ಧಾಂತಿಕ ಸಮನ್ವಯ' ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅದು ಸುಮ್ನೆ ಜಾಗ ತುಂಬಿಸುವ ಮಾತು. ಲೆಕ್ಕ ಹಾಕಿದವರು ಮನುಷ್ಯರು, ಅವರನ್ನು ತೋರಿಸಿ. ಓಲ್ಸನ್ 1936ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಎರಡು ವರ್ಷಕ್ಕೆ ರಿಪಬ್ಲಿಕನ್ ಹೆರಾಲ್ಡ್ ಸ್ಟಾಸನ್ ಗವರ್ನರ್ ಚುನಾವಣೆಯಲ್ಲಿ ಓಲ್ಸನ್ ಪಕ್ಷವನ್ನು ಧೂಳೀಪಟ ಮಾಡಿದರು. ಮತ್ತೆ ಗವರ್ನರ್ ಗದ್ದುಗೆ ಆ ಪಕ್ಷದ ಕೈಗೆ ಸಿಗಲಿಲ್ಲ. ಫಾರ್ಮರ್-ಲೇಬರ್ ಪಕ್ಷದ ಹತ್ತಿರ ಓಟಿತ್ತು, ಡೆಮಾಕ್ರಟರ ಹತ್ತಿರ ವೈಟ್‌ಹೌಸ್ ಇತ್ತು. ಅಧ್ಯಕ್ಷ ಸ್ಥಾನಕ್ಕೆ ನಾಲ್ಕನೇ ಸಲ ನಿಂತಿದ್ದ ಡೆಮಾಕ್ರಟ್ ರೂಸ್‌ವೆಲ್ಟ್‌ಗೆ ಮಿನೆಸೋಟದ 11 ಎಲೆಕ್ಟೋರಲ್ ಓಟುಗಳು (ಅಧ್ಯಕ್ಷರ ಆಯ್ಕೆಯಲ್ಲಿ ಆ ರಾಜ್ಯಕ್ಕಿದ್ದ ಓಟುಗಳು) ಬೇಕಿದ್ದವು. ಏಪ್ರಿಲ್‌ನಲ್ಲಿ ಎರಡೂ ಪಕ್ಷ ಸೇರಿದವು, ನವೆಂಬರ್‌ನಲ್ಲಿ ರೂಸ್‌ವೆಲ್ಟ್ ಆ ರಾಜ್ಯ ಗೆದ್ದರು.

ನೀವು ಕಥೆಯನ್ನು ಅಲ್ಲಿಗೇ ಮುಗಿಸಿದ್ದೀರಿ. ನಿಜವಾದ ಜಗಳ ಶುರುವಾಗಿದ್ದೇ ಆಮೇಲೆ. 1946ರಲ್ಲಿ ಹೊಸ ಪಕ್ಷದ ಹಿಡಿತ ಎಡಪಂಥದವರಿಗೆ ಹೋಯಿತು. 1948ರಲ್ಲಿ ಮಿನಿಯಾಪೊಲಿಸ್ ಮೇಯರ್ ಹ್ಯೂಬರ್ಟ್ ಹಂಫ್ರಿ ಬಣ ಅದನ್ನು ಕಿತ್ತುಕೊಂಡಿತು, ಅಧ್ಯಕ್ಷ ಸ್ಥಾನಕ್ಕೆ ಬೇರೆ ಪಕ್ಷದಿಂದ ನಿಂತಿದ್ದ ಹೆನ್ರಿ ವಾಲೇಸ್ ಪರ ಇದ್ದವರು ಹೊರಗೆ ಬಿದ್ದರು. ಅದೇ ವರ್ಷ ಹಂಫ್ರಿ ಸೆನೆಟ್‌ಗೆ ಆಯ್ಕೆಯಾದರು. ಯಾರು ಯಾರನ್ನು ನುಂಗಿದರು ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಈ ಎರಡು ವರ್ಷಗಳಲ್ಲಿ. ಇದಕ್ಕೆ ಕನಿಷ್ಠ ಎರಡು ಪುಟ ಕೊಡಿ.

ನಾರ್ತ್ ಡಕೋಟದ ಕಥೆಯೇ ಬೇರೆ. 'ಅಲ್ಲಿಯೂ ಇದೇ ನಡೆಯಿತು' ಅಂದಿದ್ದೀರಿ. ಇಲ್ಲ, ನಡೆಯಲಿಲ್ಲ. ಲೀಗ್ ಒಂದು ಪಕ್ಷವೇ ಆಗಿರಲಿಲ್ಲ. ಅಗಸೆ ಬೆಳೆದು ದಿವಾಳಿಯಾದ ಆರ್ಥರ್ ಟೌನ್ಲಿ 1915ರಲ್ಲಿ ಅದನ್ನು ಕಟ್ಟಿದರು. ಗೋಧಿಯ ತೂಕದಲ್ಲಿ, ದರ್ಜೆಯಲ್ಲಿ ಮಿನಿಯಾಪೊಲಿಸ್ ವ್ಯಾಪಾರಿಗಳು ಮೋಸ ಮಾಡುತ್ತಾರೆ ಅನ್ನುವ ಸಿಟ್ಟು ರೈತರಲ್ಲಿ ಮೊದಲೇ ಇತ್ತು. ಲೀಗಿನವರು ಫೋರ್ಡ್ ಕಾರಿನಲ್ಲಿ ಹೊಲದಿಂದ ಹೊಲಕ್ಕೆ ಹೋಗಿ ಸದಸ್ಯರನ್ನು ಸೇರಿಸಿದರು. ಆಮೇಲೆ ರಿಪಬ್ಲಿಕನ್ ಪ್ರೈಮರಿಗೆ ನುಗ್ಗಿದರು. ಪ್ರೈಮರಿ ಅಂದರೇನು ಅಂತ ನಮ್ಮ ಓದುಗರಿಗೆ ಒಂದು ಸಾಲಿನಲ್ಲಿ ಹೇಳಿ: ಅಲ್ಲಿ ಬಿ ಫಾರಂ ಕೊಡುವುದು ಹೈಕಮಾಂಡ್ ಅಲ್ಲ, ಮತದಾರರೇ. ಇಷ್ಟು ಹೇಳದಿದ್ದರೆ, ಲಿನ್ ಫ್ರೇಜಿಯರ್ ಅನ್ನುವ ರೈತ ಒಂದೇ ವರ್ಷದಲ್ಲಿ, 1916ರಲ್ಲಿ, ರಿಪಬ್ಲಿಕನ್ ಗವರ್ನರ್ ಆಗಿದ್ದು ಹೇಗೆ ಅಂತ ಯಾರಿಗೂ ಅರ್ಥವಾಗುವುದಿಲ್ಲ. 1919ರಲ್ಲಿ ಲೀಗಿನವರು ಶುರು ಮಾಡಿದ ಸರ್ಕಾರಿ ಬ್ಯಾಂಕು ಇವತ್ತಿಗೂ ನಡೆಯುತ್ತಿದೆ. ಅದನ್ನೂ ಬಿಟ್ಟಿದ್ದೀರಿ.

1956ರಲ್ಲಿ ಲೀಗಿನವರು ಮಾಡಿದ್ದು ಇಷ್ಟೇ: ಇನ್ನು ಮುಂದೆ ನಮ್ಮ ಅಭ್ಯರ್ಥಿಗಳು ಮತಪತ್ರದ ರಿಪಬ್ಲಿಕನ್ ಸಾಲಿನ ಬದಲು ಡೆಮಾಕ್ರಟಿಕ್ ಸಾಲಿನಲ್ಲಿ ನಿಲ್ಲುತ್ತಾರೆ ಅಂತ ತೀರ್ಮಾನಿಸಿದರು. ಇದನ್ನು ಒಂದೇ ಮನೆಯಲ್ಲಿ ತೋರಿಸಬಹುದು. ಅಪ್ಪ ಅಶರ್ ಬರ್ಡಿಕ್ ಲೀಗಿನ ಬೆಂಬಲದಿಂದ ಗೆಲ್ಲುತ್ತಿದ್ದ ರಿಪಬ್ಲಿಕನ್ ಸಂಸದ. 1958ರಲ್ಲಿ ಅವರು ನಿಲ್ಲಲಿಲ್ಲ. ಅದೇ ಸ್ಥಾನವನ್ನು ಮಗ ಕ್ವೆಂಟಿನ್ ಡೆಮಾಕ್ರಟ್ ಆಗಿ ಗೆದ್ದರು. ಆ ರಾಜ್ಯದಿಂದ ಕೆಳಮನೆಗೆ ಹೋದ ಮೊದಲ ಡೆಮಾಕ್ರಟ್ ಅವರೇ. ನಿಮ್ಮ ಲೇಖನದಲ್ಲಿ ಬರ್ಡಿಕ್ ಅನ್ನುವ ಹೆಸರೇ ಇಲ್ಲ!

ಇನ್ನೊಂದು ಮಾತು. 'ಮನೆಗೆ ಹೋಗಿ ಹಂದಿಗಳಿಗೆ ಮೇವು ಹಾಕಿ' ಎಂದು ಶಾಸಕರೊಬ್ಬರು ರೈತರಿಗೆ ಹೇಳಿದ್ದನ್ನು ಸತ್ಯ ಅನ್ನುವ ಹಾಗೆ ಕೊಟ್ಟಿದ್ದೀರಿ. ಆ ಶಾಸಕರು ತಾವು ಹಾಗೆ ಹೇಳಲೇ ಇಲ್ಲ ಅಂದಿದ್ದರು. ಮಾತು ಬಿಡಬೇಡಿ, ಲೀಗ್ ಅದನ್ನು ಪ್ರಚಾರಕ್ಕೆ ಹೇಗೆ ಬಳಸಿತು ಅಂತ ಬರೆಯಿರಿ. ಜಾಸ್ತಿ ರುಚಿ ಇರುವುದು ಅಲ್ಲೇ.

ನಾರ್ತ್ ಡಕೋಟವನ್ನು ಇನ್ನೊಂದು ಲೇಖನಕ್ಕೆ ಎತ್ತಿಡಿ. ಮಿನೆಸೋಟದ್ದನ್ನು ಮಾತ್ರ ತಿದ್ದಿ ಕಳಿಸಿ, 1948ರವರೆಗೆ ಬರಲಿ. ತಲೆಬರಹ ನಾನೇ ಹುಡುಕುತ್ತೇನೆ.

ಇಂತಿ,
ಸಂಪಾದಕ