ಪ್ರತಿಕ್ರಿಯೆ: ಜುನಿಪೆರಿನಮ್ಮೋ, ಪಿಲಿಫೆರಮ್ಮೋ?

ನಮಸ್ಕಾರ. ಪಾಲಿಟ್ರೈಕಮ್ ಜುನಿಪೆರಿನಮ್ ಮತ್ತು ಪಾಲಿಟ್ರೈಕಮ್ ಪಿಲಿಫೆರಮ್, ಈ ಎರಡು ಹಾವಸೆಗಳನ್ನು ಬರೀ ಭೂತಗನ್ನಡಿಯಲ್ಲಿ ಗುರುತಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಗುರುತಿಸಬಹುದು.

ಎಲೆಯ ತುದಿ ನೋಡಿ. ಪಿಲಿಫೆರಮ್‌ಗೆ ಅಲ್ಲಿ ಬಿಳಿಯ ಉದ್ದ ಕೂದಲಿರುತ್ತದೆ. ಜುನಿಪೆರಿನಮ್‌ದು ಗಿಡ್ಡ ಮುಳ್ಳಿನಂಥ ತುದಿ, ಬಣ್ಣ ಕೆಂಪು ಬೆರೆತ ಕಂದು. ಪಿಲಿಫೆರಮ್ ಗುಂಪಾಗಿ ಬೆಳೆದಾಗ ಅದರ ಮೇಲೆ ಬೂದಿ ಉದುರಿಸಿದ ಹಾಗೆ ಕಾಣುತ್ತದೆ. ನನಗಂತೂ ತುಂಬ ಇಷ್ಟವಾದ ನೋಟ ಅದು!

ಎತ್ತರವನ್ನು ಜಾಸ್ತಿ ನಂಬಬೇಡಿ. ಪಿಲಿಫೆರಮ್ ಸಾಮಾನ್ಯವಾಗಿ ಗಿಡ್ಡ, ಎಲೆಗಳು ಕಾಂಡದ ಮೇಲ್ಭಾಗದಲ್ಲಿ ಒತ್ತಾಗಿರುತ್ತವೆ. ಆದರೆ ಜುನಿಪೆರಿನಮ್ ಕೂಡ ಕೆಲವೊಮ್ಮೆ ಅಷ್ಟೇ ಗಿಡ್ಡವಿರುತ್ತದೆ.

ಎಲೆಯ ಅಂಚಿನಿಂದಲೂ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ಎರಡರಲ್ಲೂ ಅಂಚು ಒಳಕ್ಕೆ ಮಡಚಿಕೊಂಡು, ಆಹಾರ ತಯಾರಿಸುವ ಹಸಿರು ಪದರಗಳನ್ನು ಮುಚ್ಚಿರುತ್ತದೆ. ಒಣ ಜಾಗದಲ್ಲಿ ಬದುಕಲು ಎಷ್ಟು ಒಳ್ಳೆ ಏರ್ಪಾಡು, ಅಲ್ವಾ? ಇವುಗಳ ನಂಟ ಪಾಲಿಟ್ರೈಕಮ್ ಕಮ್ಯೂನ್‌ನಲ್ಲಿ ಅಂಚು ಹೀಗೆ ಮಡಚಿರುವುದಿಲ್ಲ, ಗರಗಸದ ಹಲ್ಲುಗಳಿರುತ್ತವೆ.

ಒಣಗಿದಾಗ ಎಲೆಗಳು ಕಾಂಡಕ್ಕೆ ಒತ್ತಿಕೊಳ್ಳುತ್ತವೆ. ಸ್ವಲ್ಪ ನೀರು ಚಿಮುಕಿಸಿ, ಅರಳಿದ ಮೇಲೆ ನೋಡಿ. ಹಳೆಯ ಎಲೆಗಳ ಕೂದಲು ಮುರಿದಿರಬಹುದು, ಹಾಗಾಗಿ ಮೇಲಿನ ಎಳೆ ಎಲೆಗಳನ್ನೇ ಆರಿಸಿಕೊಳ್ಳಿ.