ಶೀರ್ಷಾಸನ ಬಿಡಲೊಪ್ಪದ ಮೇಷ್ಟ್ರು

(ಹೆಸರು, ವಿವರಗಳನ್ನು ಬದಲಿಸಿದ್ದೇನೆ.)

ಶಿವಣ್ಣ ಮೇಷ್ಟ್ರಿಗೆ 67. ದಿನಾ ಬೆಳಿಗ್ಗೆ ಹತ್ತು ನಿಮಿಷ ಶೀರ್ಷಾಸನ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆ, ತಲೆಕೆಳಗಾಗಿ ನಿಲ್ಲಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದರೂ ಬಿಟ್ಟಿರಲಿಲ್ಲ. ಯೋಗ ಕಲಿಸುವ ನನ್ನ ಬಳಿ ಕರೆತಂದವರು ಹೆಂಡತಿ. "ನನ್ನ ಮಾತು ಹಾಗಿರಲಿ ಮೇಡಂ, ಡಾಕ್ಟರ ಮಾತೂ ಕೇಳಲ್ಲ."

ಮೇಷ್ಟ್ರು ಸಿದ್ಧವಾಗಿಯೇ ಬಂದಿದ್ದರು. ವಿಪರೀತಕರಣಿಯಿಂದ, ಅಂದರೆ ದೇಹವನ್ನು ತಲೆಕೆಳಗು ಮಾಡುವುದರಿಂದ, ಆರು ತಿಂಗಳಲ್ಲಿ ಸುಕ್ಕು, ನರೆ ಮಾಯವಾಗುತ್ತವೆ ಎಂದು ಹಳೆಯ ಯೋಗಗ್ರಂಥ ಹಠಯೋಗ ಪ್ರದೀಪಿಕೆಯಲ್ಲೇ ಇದೆಯಲ್ಲ ಎಂದರು. ಇರುವುದು ನಿಜ. ದೇಹದೊಳಗೆ ಮೇಲಿರುವ ಚಂದ್ರನಿಂದ ಸುರಿಯುವ ಅಮೃತವನ್ನು ಕೆಳಗಿರುವ ಸೂರ್ಯ ನುಂಗುವುದರಿಂದ ಮುಪ್ಪು ಬರುತ್ತದೆ, ದೇಹ ತಿರುಗಿಸಿದರೆ ಅಮೃತ ಉಳಿಯುತ್ತದೆ ಎನ್ನುವುದು ಅಲ್ಲಿನ ಲೆಕ್ಕ. ಅದರ ಜೊತೆ ನಾನು ಜಗಳಕ್ಕೆ ಹೋಗಲಿಲ್ಲ. ಆದರೆ ಶೀರ್ಷಾಸನದಲ್ಲಿ ಕಣ್ಣೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುವುದು ಅಳೆದು ನೋಡಿದ ಸಂಗತಿ. ಗ್ಲಾಕೋಮಾದಿಂದ ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

"ಬಿಟ್ಟರೆ ಏನಾಗುತ್ತೆ ಮೇಷ್ಟ್ರೇ?" ಎಂದೆ.

"ನಮ್ಮಪ್ಪ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡ್ರು. ಮತ್ತೆ ಏಳಲೇ ಇಲ್ಲ. ನಂಗೆ ಹಾಗಾಗಬಾರದು."

ಅವರಿಗೆ ಹೆದರಿಕೆ ಇದ್ದದ್ದು ನರೆಯದ್ದಲ್ಲ, ಬೀಳುವುದರದ್ದು. ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲಿಸಿದೆ. ಐದು ಎಣಿಸುವಷ್ಟರಲ್ಲಿ ವಾಲಿದರು. ತಲೆ ಮೇಲೆ ಹತ್ತು ನಿಮಿಷ ನಿಲ್ಲುವವರು! ಅವರಿಗೇ ನಗು ಬಂತು. ಅಷ್ಟು ಹೊತ್ತು ನಾನು ಹೇಳಿದ್ದಕ್ಕಿಂತ ಜಾಸ್ತಿ ಕೆಲಸ ಆ ನಗು ಮಾಡಿತು.

ಒಪ್ಪಿಕೊಂಡದ್ದು ಇಷ್ಟು. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬಂದ್. ಕೈಕಾಲು ಊರಿ ಸೊಂಟ ಮೇಲೆತ್ತಿ ತಲೆ ತಗ್ಗಿಸುವ ಅಧೋಮುಖ ಶ್ವಾನಾಸನವೂ ಬೇಡ, ಅದರಲ್ಲೂ ಕಣ್ಣಿನ ಒತ್ತಡ ಏರುತ್ತದೆ. ಬದಲಿಗೆ ಗೋಡೆಗೆ ಬೆರಳು ತಾಗಿಸಿ ಒಂಟಿ ಕಾಲಿನ ವೃಕ್ಷಾಸನ, ನೆಟ್ಟಗೆ ನಿಲ್ಲುವ ತಾಡಾಸನದಲ್ಲಿ ಹಿಮ್ಮಡಿ ಎತ್ತುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. 65 ದಾಟಿದವರು ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಉಸಿರು ಬಿಗಿಹಿಡಿಯದೆ ನಾಡಿಶೋಧನ (ಒಂದೊಂದೇ ಹೊಳ್ಳೆಯಲ್ಲಿ ಉಸಿರಾಡುವ ಪ್ರಾಣಾಯಾಮ) ಮಾಡಬಹುದು. ಕಣ್ಣಿನ ಹನಿ ತಪ್ಪಿಸುವಂತಿಲ್ಲ.

ಕುರ್ಚಿ ಅಂದಾಗ ಮುಖ ಸಿಂಡರಿಸಿದರು. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಹಗ್ಗ, ದಿಂಬು ಇಟ್ಟುಕೊಂಡೇ ಆಸನ ಕಲಿಸಿದರು, ವಯಸ್ಸಾದ ಮೇಲೆ ತಾವೂ ಬಳಸಿದರು ಎಂದೆ. ಸುಮ್ಮನಾದರು.

ಹೆಂಡತಿಗೂ ಒಂದು ಮಾತು ಹೇಳಿದೆ: ಕಾವಲು ಕಾಯಬೇಡಿ, ಪಕ್ಕದಲ್ಲಿ ನೀವೂ ಮಾಡಿ. ಬೀಳುವ ಭಯ ನಿಮಗೂ ಇದೆ ಅಲ್ವಾ? ಜೊತೆಗೆ, ಈ ವಾರವೇ ಬಚ್ಚಲಿಗೆ ಹಿಡಿಕೆ ಹಾಕಿಸಿ.