ಲಾಯರ್ ಫೀಸ್ ಎಲ್ಲಿ ಹೋಯ್ತು?

ನಮಸ್ಕಾರ. ಅಮೆರಿಕದ ಟ್ರಯಲ್ ಲಾಯರ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಗಾಯಾಳುಗಳ ಪರ ಪರಿಹಾರದ ಕೇಸ್ ನಡೆಸ್ತಾ ನಡೆಸ್ತಾನೇ ದೊಡ್ಡ ಕಂಪನಿಗಳ ವಿರುದ್ಧ ಚಳವಳಿಗೂ ಹೆಗಲು ಕೊಟ್ಟವರ ಕಥೆ, ವಿಷಯ ತುಂಬಾ ಚೆನ್ನಾಗಿದೆ, ಆದ್ರೆ ಈಗಿರೋ ಹಾಗೇ ಹಾಕೋಕಾಗಲ್ಲ. ನೇರವಾಗಿ ಹೇಳ್ಬಿಡ್ತೀನಿ, ಇಡೀ ಲೇಖನದಲ್ಲಿ ಫೀಸ್ ಅನ್ನೋ ಮಾತೇ ಇಲ್ಲ. ‘ಬಡವರ ಪಾಲಿನ ದೇವರು’ ಅಂತ ಶುರು ಮಾಡಿ ಕೊನೇವರೆಗೂ ಅದೇ ಭಜನೆ ಆಗಿದೆ.

ಅಲ್ಲಿ ಗಾಯಾಳು ಲಾಯರ್‌ಗೆ ಮುಂಗಡ ಏನೂ ಕೊಡಲ್ಲ. ಗೆದ್ರೆ ಬಂದ ದುಡ್ಡಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು ಲಾಯರ್‌ಗೆ, ಸೋತ್ರೆ ಸೊನ್ನೆ, ಅಷ್ಟೊತ್ತಿಗೆ ಎಕ್ಸ್‌ಪರ್ಟ್‌ಗಳಿಗೆ, ಲ್ಯಾಬ್ ಟೆಸ್ಟ್‌ಗಳಿಗೆ ಲಾಯರೇ ತನ್ನ ಕೈಯಿಂದ ಸುರಿದಿರ್ತಾನೆ. ಕೂಲಿ ಮಾಡೋನು ಕೂಡ ಕಂಪನಿನ ಕೋರ್ಟಿಗೆ ಎಳೆಯೋಕೆ ಆಗೋದು ಇದರಿಂದಾನೇ, ಮತ್ತೆ ದುಡ್ಡು ಹುಟ್ಟದಿರೋ ಕೇಸನ್ನ ಯಾರೂ ಮುಟ್ಟದೇ ಇರೋದೂ ಇದರಿಂದಾನೇ. ಮ್ಯಾಸಚೂಸೆಟ್ಸ್‌ನ ವೋಬರ್ನ್ ಊರಲ್ಲಿ ಬಾವಿ ನೀರು ಕೆಟ್ಟು ಮಕ್ಕಳಿಗೆ ಲ್ಯುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್, ಬಂತು ಅಂತ ಎಂಟು ಕುಟುಂಬಗಳು ಹಾಕಿದ ಕೇಸ್ ನೋಡಿ. 1986ರಲ್ಲಿ ಆರೋಪ ಹೊತ್ತಿದ್ದ ಡಬ್ಲ್ಯು.ಆರ್. ಗ್ರೇಸ್ ಕಂಪನಿ 80 ಲಕ್ಷ ಡಾಲರ್‌ಗೆ ರಾಜಿ ಆಯ್ತು, ಆದ್ರೆ ಅಷ್ಟರಲ್ಲಿ ಅವರ ಲಾಯರ್ ಜಾನ್ ಶ್ಲಿಕ್ಟ್‌ಮನ್ ಸಾಲದಲ್ಲಿ ಮುಳುಗಿದ್ರು, ಕೊನೆಗೆ ದಿವಾಳಿ ಎದ್ದರು. ನಿಮ್ಮ ಲೇಖನದಲ್ಲಿ ಇವರು ಬರೀ ‘ಧೀಮಂತ ಹೋರಾಟಗಾರ’.

ನಿಮ್ಮ ಹತ್ರ ಇರೋ ಅತ್ಯಂತ ಒಳ್ಳೇ ಕಥೆ ಕ್ಯಾರೆನ್ ಸಿಲ್ಕ್‌ವುಡ್‌ದು, ಅದನ್ನ ನಾಲ್ಕು ಸಾಲಲ್ಲಿ ಮುಗಿಸಿದ್ದೀರ, ನನಗೆ ನಿಜವಾಗ್ಲೂ ಬೇಜಾರಾಯ್ತು. ಒಕ್ಲಹೋಮಾದ ಕೆರ್-ಮೆಗೀ ಪ್ಲುಟೋನಿಯಂ ಘಟಕದ ಕೆಲಸಗಾರ್ತಿ, ಯೂನಿಯನ್‌ನಲ್ಲಿ ಇದ್ದವಳು, ಅವಳ ಮನೆಯೊಳಗೇ ಪ್ಲುಟೋನಿಯಂ ಸಿಕ್ತು, 1974ರ ನವೆಂಬರ್‌ನಲ್ಲಿ ಕಾರ್ ಅಪಘಾತದಲ್ಲಿ ತೀರಿಕೊಂಡಳು. ಆ ಪ್ಲುಟೋನಿಯಂನ ಅವಳೇ ಘಟಕದಿಂದ ಹೊರಗೆ ತಂದಿರಬೇಕು ಅಂತ ಕಂಪನಿ ವಾದ. ಅವಳ ಮನೆಯವರ ಪರ ವಾದಿಸಿದ ವಯೋಮಿಂಗ್‌ನ ಲಾಯರ್ ಜೆರಿ ಸ್ಪೆನ್ಸ್ ಜ್ಯೂರಿ (ತೀರ್ಪು ಕೊಡೋಕೆ ಕೂತ ಸಾಮಾನ್ಯ ಜನ) ಮುಂದೆ ಹೇಳಿದ್ದು ಇಷ್ಟೇ, ಸಿಂಹ ತಪ್ಪಿಸ್ಕೊಂಡ್ರೆ ಸಾಕಿದವರು ದುಡ್ಡು ಕಟ್ಟಬೇಕು, ಹೇಗೆ ತಪ್ಪಿಸ್ಕೊಳ್ತು ಅನ್ನೋದು ಬೇಡ. 1979ರಲ್ಲಿ ಜ್ಯೂರಿ 5,05,000 ಡಾಲರ್ ಪರಿಹಾರ, ಜೊತೆಗೆ ದಂಡವಾಗಿ 1 ಕೋಟಿ ಡಾಲರ್ ಅಂತು. ಅಪೀಲ್ ಕೋರ್ಟ್ ಅದರಲ್ಲಿ ಬಹುಪಾಲು ಕಿತ್ತು ಹಾಕ್ತು, 1984ರಲ್ಲಿ ಸುಪ್ರೀಂ ಕೋರ್ಟ್ ಅಣು ಉದ್ಯಮಕ್ಕೂ ರಾಜ್ಯದ ಕಾನೂನಿನ ಪ್ರಕಾರ ದಂಡ ಹಾಕಬಹುದು ಅಂತು, 1986ರಲ್ಲಿ 13.8 ಲಕ್ಷ ಡಾಲರ್‌ಗೆ ರಾಜಿ ಆಯ್ತು, ಕಂಪನಿ ತಪ್ಪು ಒಪ್ಪಿಕೊಳ್ಳಲೇ ಇಲ್ಲ. ಇಲ್ಲಿ ನಿಲ್ಲಿ ಸ್ವಲ್ಪ. ಚಳವಳಿಗೆ ಬೇಕಾಗಿದ್ದು ಎಲ್ಲರೆದುರು ಬರೋ ತೀರ್ಪು, ಸಿಲ್ಕ್‌ವುಡ್‌ಳ ಮೂರು ಮಕ್ಕಳಿಗೆ ಬೇಕಾಗಿದ್ದು ಬದುಕೋಕೆ ದುಡ್ಡು, ಒಬ್ಬನೇ ಲಾಯರ್ ಎರಡಕ್ಕೂ ಹೇಗೆ ನ್ಯಾಯ ಕೊಡ್ತಾನೆ? ನಿಮ್ಮ ಲೇಖನ ಇದರ ಸುತ್ತಾನೇ ಕಟ್ಟಬೇಕಿತ್ತು.

ಇನ್ನು ಕಾಫಿ ಕೇಸ್. ‘ಕಾಫಿ ಚೆಲ್ಲಿದ್ದಕ್ಕೆ 27 ಲಕ್ಷ ಡಾಲರ್’ ಅಂತ ಬರೆದಿದ್ದೀರ, ಲಾಯರ್‌ಗಳ ಮೇಲೆ ನಿರ್ಬಂಧ ತರಬೇಕು ಅಂತಿದ್ದವರು ಹಬ್ಬಿಸಿದ್ದು ಇದೇ ಸಾಲು. 1992ರಲ್ಲಿ ಆಲ್ಬುಕರ್ಕಿಯಲ್ಲಿ 79 ವರ್ಷದ ಸ್ಟೆಲ್ಲಾ ಲೀಬೆಕ್‌ಗೆ ಮೆಕ್‌ಡೊನಾಲ್ಡ್ಸ್ ಕಾಫಿ ಚೆಲ್ಲಿ ತೊಡೆ ಸುಟ್ಟು ಚರ್ಮ ಕಸಿ ಮಾಡಬೇಕಾಯ್ತು, ಅವರು ಮೊದಲು ಕೇಳಿದ್ದು 20,000 ಡಾಲರ್, ಮೆಕ್‌ಡೊನಾಲ್ಡ್ಸ್ ಕೊಡ್ತೀನಿ ಅಂದಿದ್ದು 800. ಅದಕ್ಕೂ ಮುಂಚೆ ಅದೇ ಥರ 700ಕ್ಕೂ ಹೆಚ್ಚು ದೂರು ಬಂದಿದ್ವು. ಜ್ಯೂರಿ ಹಾಕಿದ 27 ಲಕ್ಷದ ದಂಡವನ್ನ ಜಡ್ಜ್ 4,80,000ಕ್ಕೆ ಇಳಿಸಿದ್ರು. ಇದಿಷ್ಟೂ ಹಾಕಿ, ಇಲ್ಲಾಂದ್ರೆ ಆ ಪ್ಯಾರಾನೇ ತೆಗೀರಿ.

ಭೋಪಾಲ್ ಅನಿಲ ದುರಂತಕ್ಕೆ ಒಂದೇ ಸಾಲು ಯಾಕೆ? 1984ರ ಡಿಸೆಂಬರ್‌ನಲ್ಲಿ ಹೆಣಗಳು ಇನ್ನೂ ಮಣ್ಣಾಗೋ ಹೊತ್ತಿಗೆ ಅಮೆರಿಕದ ಲಾಯರ್‌ಗಳು ಬಂದಿಳಿದ್ರು, ಮೆಲ್ವಿನ್ ಬೆಲ್ಲಿಯಂಥ ಘಟಾನುಘಟಿ ಕೂಡ. ನ್ಯಾಯಕ್ಕಾಗಿ ಬಂದ್ರಾ ಪಾಲಿಗಾಗಿ ಬಂದ್ರಾ? ಎರಡಕ್ಕೂ ಇರಬಹುದು, ಅದನ್ನ ಬರೆಯೋಕೆ ಹೆದರಬೇಡಿ. 1985ರ ಕಾಯ್ದೆಯಿಂದ ಸರ್ಕಾರಾನೇ ಎಲ್ಲರ ಪರ ನಿಂತ್ಕೊಂಡ್ತು, 1986ರಲ್ಲಿ ನ್ಯೂಯಾರ್ಕ್‌ನ ಜಡ್ಜ್ ಕೀನನ್ ಕೇಸನ್ನ ಭಾರತಕ್ಕೇ ಕಳಿಸಿದ್ರು, 1989ರಲ್ಲಿ 47 ಕೋಟಿ ಡಾಲರ್‌ಗೆ ರಾಜಿ, ಸಂತ್ರಸ್ತರನ್ನ ಯಾರೂ ಕೇಳಲೇ ಇಲ್ಲ. ಆ ಲಾಯರ್‌ಗಳು ಇದ್ದಿದ್ರೆ ಹೆಚ್ಚು ಸಿಕ್ತಿತ್ತಾ ಅನ್ನೋ ಪ್ರಶ್ನೆ ಓದುಗರ ತಲೇಲಿ ಬಂದೇ ಬರುತ್ತೆ, ನೀವೇ ಕೇಳಿ.

ಇನ್ನೊಂದು ವಿಷಯ. ನಮ್ಮಲ್ಲಿ ಗೆದ್ದ ದುಡ್ಡಲ್ಲಿ ಪಾಲು ತಗೊಳ್ಳೋದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷೇಧ ಇದೆ. ಆಕ್ಸಿಡೆಂಟ್ ಕ್ಲೇಮ್ ನಡೆಸೋ ವಕೀಲರು ಒಂದು ಕಡೆ, ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕೋರು ಇನ್ನೊಂದು ಕಡೆ ಉಳಿದಿರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. 1985ರಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದಾಗ ವಕೀಲ ಎಂ.ಸಿ. ಮೆಹ್ತಾ ಹಾಕಿದ ಕೇಸಲ್ಲಿ ಸುಪ್ರೀಂ ಕೋರ್ಟ್ ಅಪಾಯಕಾರಿ ಉದ್ಯಮಕ್ಕೆ ಯಾವ ವಿನಾಯಿತಿಯೂ ಇಲ್ಲದ ಪೂರ್ಣ ಹೊಣೆ ಹೊರಿಸ್ತು. ಸ್ಪೆನ್ಸ್ ಅವರ ಸಿಂಹದ ವಾದದ ಪಕ್ಕದಲ್ಲಿಟ್ಟು ನೋಡಿ, ಹೆಚ್ಚುಕಮ್ಮಿ ಅದೇ ಮಾತು.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ, ‘ಸಾಮಾಜಿಕ ನ್ಯಾಯದ ಹರಿಕಾರರು’ ಥರದ ಪದಗಳನ್ನೆಲ್ಲ ಹೊಡೆದು ಹಾಕಿ, ಗಾಯ ಏನಾಯ್ತು, ಎಷ್ಟು ಕೇಳಿದ್ರು, ಎಷ್ಟು ಸಿಕ್ತು, ಯಾರು ಎಷ್ಟು ತಗೊಂಡ್ರು ಅಂತ ಬರೀರಿ. ಸಿಲ್ಕ್‌ವುಡ್ ಕಥೆಯಿಂದ ಶುರು ಮಾಡಿ, ಭೋಪಾಲ್‌ಗೆ ಅರ್ಧ ಜಾಗ ಕೊಡಿ, ಲೇಖನ ಉದ್ದ ಆದ್ರೂ ಪರವಾಗಿಲ್ಲ. ತಿದ್ದಿ ಕಳಿಸಿ, ನಾನೇ ಓದ್ತೀನಿ.